ಮುರಿಯದ ಕುರ್ಚಿ

ನಮ್ಮ ವಕೀಲಮ್ಮನ ಕೋಣೆಗೆ ಮೊದಲ ಸಲ ಬಂದವರು ಗುಜರಿ ಅಂಗಡಿ ಎಂದುಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. ರುಬ್ಬದ ಮಿಕ್ಸಿ, ತಣ್ಣಗಾಗದ ಫ್ರಿಜ್ಜು, ಚಕ್ರ ಕಳಚಿದ ಸೂಟ್‌ಕೇಸು, ಎಲ್ಲವೂ ಸಾಕ್ಷಿಗಳೇ. ಅವುಗಳ ನಡುವೆ ಒಂದಿಷ್ಟು ಜಾಗ ಮಾಡಿಕೊಂಡು ಟೈಪ್ ಮಾಡುವವಳು ನಾನು. ದುಡ್ಡು ದುಪ್ಪಟ್ಟು ಮಾಡಿಕೊಡುತ್ತೇವೆಂದ ಕಂಪನಿಗೆ ಬೀಗ ಬಿದ್ದಾಗ ಊರೆಲ್ಲ ಓಡಿಬಂದದ್ದು ಈ ಕೋಣೆಗೇ. ಹೂಡಿಕೆ ಮಾಡಿ ಕೈಸುಟ್ಟುಕೊಂಡವರ ಪರವಾಗಿ ವಕೀಲಮ್ಮ ವರ್ಷಗಟ್ಟಲೆ ಹೋರಾಡಿ ಕೊನೆಗೂ ಗೆದ್ದರು. ಫೀಸು ಕೇಳುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ಅವರ ಯಜಮಾನರು ವರ್ಕ್‌ಶಾಪಿನಿಂದ ನಿವೃತ್ತರಾದವರು. ಮಧ್ಯಾಹ್ನ ಊಟ ತರುವ ನೆಪದಲ್ಲಿ ಬಂದು ಸಂಜೆಯವರೆಗೂ ಠಿಕಾಣಿ ಹೂಡುತ್ತಾರೆ. ಕೈ ಸುಮ್ಮನಿರದ ಮನುಷ್ಯ.

ಈಗಿನ ಕೇಸು ಬಟ್ಟೆ ಹೊಲಿಯುವ ಹೆಂಗಸೊಬ್ಬರದು. ಹೊಸ ಕುರ್ಚಿಯ ಕಾಲು ಕಳಚಿ, ಬಿದ್ದು, ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಮೆಷಿನ್ ಮುಂದೆ ಹೆಚ್ಚು ಹೊತ್ತು ಕೂರಲಾರರು. ಪರಿಹಾರ ಬಂದರೆ ಕೆಲಸಕ್ಕೆ ಒಬ್ಬರನ್ನಿಟ್ಟು ಅಂಗಡಿ ಉಳಿಸಿಕೊಳ್ಳಬಹುದು, ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು. ಕಳಚಿದ ಕಾಲನ್ನು ಹಾಗೇ ಸಿಕ್ಕಿಸಿ, ಕುರ್ಚಿಯನ್ನು ನಮ್ಮ ಕೋಣೆಯ ಮೂಲೆಗೆ ಒರಗಿಸಿಟ್ಟಿದ್ದೆವು.

ವಿಚಾರಣೆಯ ದಿನ ಗ್ರಾಹಕರ ನ್ಯಾಯಾಲಯದಲ್ಲಿ ಕುರ್ಚಿ ಕಂಪನಿಯ ವಕೀಲ, ಒಳ್ಳೆ ಮೈಕಟ್ಟಿನ ಆಸಾಮಿ, ಆ ಕುರ್ಚಿಯ ಮೇಲೆ ಧೊಪ್ಪೆಂದು ಕೂತ. ಕುರ್ಚಿ ಕಿರ್ ಎನ್ನಲಿಲ್ಲ.

"ದೋಷ ಎಲ್ಲಿದೆ ತೋರಿಸಿ ಮೇಡಂ" ಎಂದ.

ವಕೀಲಮ್ಮ ಕುರ್ಚಿ ಮಗುಚಿದರು, ಕಾಲು ಅಲ್ಲಾಡಿಸಿದರು, ಕಣ್ಣು ಕಣ್ಣು ಬಿಟ್ಟರು. ನನಗಂತೂ ತಲೆಬುಡ ಅರ್ಥವಾಗಲಿಲ್ಲ. ಬೇರೆ ಕುರ್ಚಿ ತಂದೆನೇನೋ ಎಂದು ನೋಡಿದರೆ ಅದೇ ಬಣ್ಣ, ಅದೇ ಗೀರು. ಮಧ್ಯಾಹ್ನದ ಮೇಲೆ ಮುಂದುವರಿಸೋಣ ಎಂದು ನ್ಯಾಯಾಧೀಶರು ಎದ್ದರು.

ಹೊರಗೆ ಮೊಗಸಾಲೆಯಲ್ಲಿ ವಕೀಲಮ್ಮ ಆ ಹೆಂಗಸನ್ನು ಪಕ್ಕಕ್ಕೆ ಕರೆದರು. "ನಿಜ ಹೇಳಿ. ಕುರ್ಚಿ ಮೇಲೆ ಹತ್ತಿ ನಿಂತಿದ್ರಾ? ಬೇರೆ ಎಲ್ಲಾದ್ರೂ ಬಿದ್ರಾ?"

ಕಂಪನಿಯವರು ನೋಟೀಸಿನಲ್ಲಿ ಕೇಳಿದ್ದೂ ಅಕ್ಷರಶಃ ಇದನ್ನೇ. ಟೈಪ್ ಮಾಡಿ ಉತ್ತರ ಕೊಟ್ಟವಳು ನಾನು, ನನಗೆ ಗೊತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

"ಕೂತೇ ಬಿದ್ದಿದ್ದು ಮೇಡಂ" ಎಂದ ಹೆಂಗಸು, ಗೋಡೆಗೆ ಒರಗಿ, "ಹಂಗಂತ ಅನ್ಕೊಂಡಿದ್ದೆ. ಈಗ ನನಗೇ ಗೊತ್ತಾಗ್ತಿಲ್ಲ" ಎಂದರು.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಯಜಮಾನರು ಬಂದರು. ವಿಷಯ ಕೇಳಿ, "ಆ ಕುರ್ಚೀನಾ? ಕಾಲಿನ ಬುಡ ಒಳಗೆಲ್ಲ ಟೊಳ್ಳಾಗಿತ್ತು ಕಣೇ. ಹೊರಗೆ ಕಾಣದ ಹಾಗೆ ಒಳಗಿಂದ ಬೋಲ್ಟ್ ಹಾಕಿ ಬಿಗಿ ಮಾಡಿದೆ. ಯಾರಾದ್ರೂ ಕೂತು ಬಿದ್ರೆ ನಿನ್ನ ಮೇಲೇ ಕೇಸು ಹಾಕ್ತಾರಲ್ಲ" ಎಂದರು.

ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ತಪ್ಪಾಯ್ತಾ?" ಎಂದರು.

ಮಧ್ಯಾಹ್ನ ವಕೀಲಮ್ಮ ಏನನ್ನೂ ಮುಚ್ಚಿಡದೆ ಹೇಳಿದರು. ನ್ಯಾಯಾಧೀಶರು ಚೆನ್ನಾಗಿಯೇ ಬೈದರು. ಆಮೇಲೆ ಬೋಲ್ಟು ಬಿಚ್ಚಿಸಿ ತಜ್ಞರಿಂದ ಪರೀಕ್ಷೆ ಮಾಡಿಸಲು, ಯಜಮಾನರ ಹೇಳಿಕೆ ಪಡೆಯಲು ಆದೇಶಿಸಿದರು. ಕೇಸು ಉಳಿಯಿತು.

ವಕೀಲಮ್ಮ ಹಗುರಾಗಿ ಹೊರಬಂದು ಆ ಹೆಂಗಸಿನ ಕೈ ಹಿಡಿದುಕೊಂಡರು. "ಗೆಲ್ತೀವಿ ಬಿಡಿ."

"ಗೆಲ್ಲಿ ಮೇಡಂ" ಎಂದರು ಆಕೆ, ಕೈಯನ್ನು ಮೆಲ್ಲನೆ ಬಿಡಿಸಿಕೊಳ್ಳುತ್ತ. "ಆದ್ರೆ ನಾನು ಬಿದ್ದಿದ್ದು ನಿಜ ಅಂತ ನಿಮಗೆ ಹೇಳೋಕೆ ನಿಮ್ಮ ಯಜಮಾನ್ರೇ ಬರಬೇಕಾಯ್ತು."