ಬಿಚ್ಚಬಾರದ ಕಟ್ಟುಗಳು

ಕೈ ಸುಮ್ಮನೆ ಇಟ್ಟುಕೊಂಡು ಕೂತು ಗೊತ್ತಿಲ್ಲ ನನಗೆ. ಪುಸ್ತಕಾಲಯದ ಕೆಲಸ ಕೆಟ್ಟುಹೋದದ್ದು ಅದರಿಂದಲೇ.

ಕೊಪ್ಪದ ಹತ್ತಿರ ನಾರ್ವೆ ಎಂಬ ಊರಿನ ಕಡೆಯ ಮನೆಗಳಲ್ಲಿ ಮೂವತ್ತು ವರ್ಷ ಅಡಿಕೆ ಸುಲಿದು, ಆರಿಸಿ ಬದುಕಿದವಳು ನಾನು. ಮಂಡಿಯ ಕೀಲು ಹೋದ ಮೇಲೆ, ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರಲು ಆಗಲಿಲ್ಲ. ಆಗ ಕೊಪ್ಪದಲ್ಲಿ ಒಬ್ಬ ಮೇಷ್ಟ್ರು, ಶಾಲೆಯಿಂದ ನಿವೃತ್ತರಾದವರು, ತಮ್ಮ ಮನೆಯ ಪಕ್ಕದ ಉದ್ದನೆ ಕೋಣೆಯಲ್ಲಿ ಒಂದು ಪುಸ್ತಕಾಲಯ ಮಾಡಿಕೊಂಡಿದ್ದರು. ಗುಡಿಸಿ ಒರೆಸಲು ಬಾ ಎಂದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು.

ಪುಸ್ತಕಾಲಯ ಅನ್ನುವುದು ಹೆಸರಿಗೆ. ಪುಸ್ತಕ ಇದ್ದದ್ದು ಒಂದು ಕಪಾಟು. ಉಳಿದದ್ದೆಲ್ಲ ಕಾಗದ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನ ಚರಿತ್ರೆ ಇಲ್ಲಿರಬೇಕು ಎಂದು ಮೇಷ್ಟ್ರ ಹಟ. ಚರಿತ್ರೆ ಎಂದರೆ ರಾಜರದ್ದು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಕಂದಾಯದ ರಸೀದಿ, ಶಾಲೆಯ ಹಾಜರಿ ಪುಸ್ತಕ, ಮದುವೆ ಕಾಗದ, ದೇವಸ್ಥಾನದ ಮಾಡಿನ ಹೆಂಚು ರಿಪೇರಿಗೆ ಹಂಚಿದ ಕರಪತ್ರ, ಯಾರೋ ಯಾರಿಗೋ ಎಮ್ಮೆ ಸತ್ತ ಸುದ್ದಿ ಬರೆದ ಕಾರ್ಡು. ಅಟ್ಟ ಗುಡಿಸಿದ ಮನೆಯವರು ಚೀಲದಲ್ಲಿ ಕಟ್ಟಿ ತಂದು ಕೊಡುತ್ತಿದ್ದರು. ಒಲೆಗೆ ಹಾಕಲು ಹೆದರಿಕೆ, ಇಟ್ಟುಕೊಳ್ಳಲು ಜಾಗವಿಲ್ಲ, ಹಾಗಾಗಿ ಮೇಷ್ಟ್ರಿಗೆ.

ಮೂರು ಗೋಡೆಗೆ ಮೂರು ತಾಲ್ಲೂಕು. ನಾನು ಓದಿದ್ದು ಎರಡನೇ ಕ್ಲಾಸು, ಒತ್ತಕ್ಷರ ಬಂದರೆ ನಿಂತು ಯೋಚಿಸಬೇಕು. ಹಾಗಾಗಿ ಮೇಷ್ಟ್ರು ಕೊಪ್ಪಕ್ಕೆ ಕೆಂಪು, ಶೃಂಗೇರಿಗೆ ಹಸಿರು, ನರಸಿಂಹರಾಜಪುರಕ್ಕೆ ಹಳದಿ ಪಟ್ಟಿ ಅಂಟಿಸಿದ್ದರು. ಒಂದೊಂದು ಗೋಡೆಯಲ್ಲಿ ಭೂಮಿ, ದೇವಸ್ಥಾನ, ಶಾಲೆ, ಕಾಡು, ಔಷಧಿ ಎಂದು ಬೇರೆ ಬೇರೆ ಡಬ್ಬ. ಶೃಂಗೇರಿಯ ಆಚೆ ಕಿಗ್ಗದ ಕಡೆಯ ಒಂದು ದೇವಸ್ಥಾನದ ಗದ್ದೆಯ ಪತ್ರವನ್ನು ಅವರು ಬೆಳಿಗ್ಗೆ ದೇವಸ್ಥಾನದ ಡಬ್ಬಕ್ಕೆ ಹಾಕಿ ಮಧ್ಯಾಹ್ನ ಭೂಮಿಯ ಡಬ್ಬಕ್ಕೆ ಹಾಕಿ ಸಂಜೆ ಮತ್ತೆ ತೆಗೆಯುತ್ತಿದ್ದರು. ಒಂದು ಕಡೆ ಇಡಿ ಮೇಷ್ಟ್ರೆ, ಅದಕ್ಕೇನು ಕಾಲು ಬರ್ತದಾ ಎಂದು ಕೇಳಿದ್ದೆ. ಕಾಗದ ಒಂದೇ ಕಡೆ ಇರಬಹುದು, ಅದನ್ನು ಹುಡುಕುವವರು ಎರಡು ಕಡೆಯಿಂದ ಬರ್ತಾರೆ ಎಂದಿದ್ದರು. ನನಗೆ ಅದು ತಲೆಗೆ ಹೋಗಲಿಲ್ಲ.

ಆಮೇಲೆ ಅವರು ಕಣ್ಣಿನ ಪೊರೆ ತೆಗೆಸಲು ಶಿವಮೊಗ್ಗಕ್ಕೆ ಹೋದರು. ಹದಿನೈದು ದಿನ. ಬರೀ ಗುಡಿಸಿ ಬೀಗ ಹಾಕು ಎಂದು ಹೇಳಿ ಹೋದರು. ಗುಡಿಸುವುದು ಅರ್ಧ ಗಂಟೆ. ಆಮೇಲೆ ಏನು? ಬಾಗಿಲಿಗೆ ಹೋಗಿ ನಿಂತೆ. ಒಳಗೆ ಬಂದೆ. ಒರೆಸಿದ್ದನ್ನೇ ಒರೆಸಿದೆ. ಮೂಲೆಯಲ್ಲಿ ಇನ್ನೂ ಡಬ್ಬ ಸೇರದ ಕಟ್ಟುಗಳು ರಾಶಿ ಬಿದ್ದಿದ್ದವು. ಮೂರನೇ ದಿನ ಕೈ ತಡೆಯಲಿಲ್ಲ. ಬಿಚ್ಚಿದೆ.

ಅಡಿಕೆ ಆರಿಸುವಾಗ ಯಾವ ಮರದ್ದು, ತೋಟದ ಯಾವ ಮೂಲೆಯದ್ದು ಎಂದು ಕೇಳುವವರಿಲ್ಲ. ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ನೋಡಿ ಒಂದೊಂದು ಒಂದೊಂದು ಕಡೆ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಅಷ್ಟೇ. ಕಾಗದಕ್ಕೂ ಅದನ್ನೇ ಮಾಡಿದೆ. ದಪ್ಪ ಕಾಗದ, ತೆಳು ಕಾಗದ, ಮುದ್ರೆ ಒತ್ತಿದ್ದು, ಅಚ್ಚಾದದ್ದು, ಕೈಯಲ್ಲಿ ಬರೆದದ್ದು, ಸಣ್ಣ ಚೀಟಿ. ಹುಳ ತಿಂದದ್ದನ್ನು ಬೇರೆ ತೆಗೆದೆ. ಪೂರಾ ತಿಂದು ಹುಡಿಯಾದದ್ದನ್ನು ಗೋಣಿಚೀಲಕ್ಕೆ ತುಂಬಿ ಮೇಷ್ಟ್ರ ಮನೆಯ ಬಚ್ಚಲೊಲೆ ಹತ್ತಿರ ಇಟ್ಟೆ. ಅದರಲ್ಲಿ ಎರಡು ಮೂರು ಮುಷ್ಟಿ ಒಲೆ ಹೊತ್ತಿಸಲು ಹಾಕಿದ್ದೂ ಹೌದು. ಕಟ್ಟಿದ್ದ ಹಳೆ ಬಟ್ಟೆಗಳನ್ನು ಒಗೆದು ಮಡಿಸಿಟ್ಟೆ. ಚೊಕ್ಕಟ ಎಂದರೆ ಚೊಕ್ಕಟ.

ಮೇಷ್ಟ್ರು ಒಂದು ಕಣ್ಣಿಗೆ ಪಟ್ಟಿ, ಮೇಲೊಂದು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಸ್ಟೂಲಿನ ಮೇಲೆ ಕೂತರು. ರಾಶಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಯಾರದ್ದೆಂದು ದೊಡ್ಡ ಪುಸ್ತಕದಲ್ಲಿ ಬರೆಯುವ ತನಕ ಒಂದು ಮನೆಯಿಂದ ಬಂದ ಕಾಗದ ಒಟ್ಟಿಗೆ ಇರಬೇಕು ಎಂದು ಆಮೇಲೆ ನಿಧಾನವಾಗಿ ಹೇಳಿದರು. ರಸೀದಿಯಲ್ಲಿ ಬರೀ ನಂಬರು ಇರುತ್ತದೆ, ಅದು ಯಾರ ಮನೆಯದು ಎಂದು ಪಕ್ಕದಲ್ಲಿದ್ದ ಪತ್ರ ಹೇಳುತ್ತದೆ, ಬೇರೆ ಮಾಡಿದರೆ ಎರಡೂ ಮೂಕ. ಅದನ್ನು ಹೋಗುವ ಮೊದಲು ಹೇಳಬೇಕಿತ್ತು ಎಂದೆ. ಹೌದು, ಹೇಳಬೇಕಿತ್ತು ಎಂದರು. ಆ ಮಾತು ನನ್ನನ್ನು ಇನ್ನಷ್ಟು ಚುಚ್ಚಿತು.

ಅದಾಗಿ ವಾರ ಕಳೆದಿರಲಿಲ್ಲ, ನರಸಿಂಹರಾಜಪುರ ದಾರಿಯ ಶೆಟ್ಟಿಕೊಪ್ಪದ ಕಡೆಯಿಂದ ಒಬ್ಬ ಹೆಂಗಸು ಬಂದಳು. ಐವತ್ತರ ಹತ್ತಿರದವಳು, ನನ್ನ ಹಾಗೆಯೇ ಕೂಲಿಯವಳು. ಅವಳ ಮಾವ ಸತ್ತ ಮೇಲೆ ಅವನ ಕಾಗದದ ಚೀಲವನ್ನು ಇಲ್ಲಿ ಕೊಟ್ಟಿದ್ದಳಂತೆ. ಮಾವನ ಊರು ಭದ್ರಾ ಹಿನ್ನೀರಿನಲ್ಲಿ ಮುಳುಗಿದ್ದು. ಊರು ಬಿಡಿಸಿದಾಗ ಅವನಿಗೆ ಒಂದು ಚೀಟಿ ಕೊಟ್ಟಿದ್ದರಂತೆ, ಈ ಮನೆಯವರಿಗೆ ಇಂಥಾ ಕಡೆ ಜಾಗ ಎಂದು. ಆ ಜಾಗದಲ್ಲೇ ಅವಳ ಮನೆ. ಈಗ ಅದು ಕಾಡಿನ ಲೆಕ್ಕದಲ್ಲಿದೆ, ನಿಮ್ಮದು ಎನ್ನುವುದಕ್ಕೆ ಏನಿದೆ ತನ್ನಿ ಎಂದು ತಾಲ್ಲೂಕು ಕಚೇರಿಯಲ್ಲಿ ಹನ್ನೆರಡು ದಿನ ಗಡುವು ಕೊಟ್ಟಿದ್ದಾರೆ. ಚೀಟಿ ಸಿಕ್ಕಿದರೆ ಮನೆ ಉಂಟು, ಇಲ್ಲದಿದ್ದರೆ ಇಲ್ಲ.

ಇದ್ದೇ ಇರ್ತದೆ, ನಾಳೆ ಬಾ ಎಂದೆ. ಸುಳ್ಳು. ಅವಳು ಮೆಟ್ಟಿಲಿಳಿಯುವಾಗ ಬಾಗಿಲಿಗೆ ಹೋದೆ. ಕರೆದೆ. ನಿಂತಳು. ಕಟ್ಟು ಬಿಚ್ಚಿದ್ದು, ಬೆರೆಸಿದ್ದು, ಒಲೆಗೆ ಹಾಕಿದ್ದು, ಎಲ್ಲ ಹೇಳಿದೆ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎಷ್ಟು ಮುಷ್ಟಿ?"

"ಎರಡೋ ಮೂರೋ."

"ನೀರು ಚೆಂದ ಕಾದಿತ್ತಾ?"

ಅವಳೇ ಒಳಗೆ ಬಂದು ಗೋಣಿಚೀಲ ಎಲ್ಲಿದೆ ತೋರಿಸಿ ಅಂದಳು.

ಹುಡುಕುವುದಾದರೂ ಹೇಗೆ? ಮೇಷ್ಟ್ರಿಗೆ ಅಕ್ಷರ ಗೊತ್ತು, ಕಣ್ಣಿಲ್ಲ. ಇನ್ನೊಂದು ಕಣ್ಣು ಮೊದಲೇ ಮಂಜು. ನನಗೆ ಕಣ್ಣುಂಟು, ಅಕ್ಷರ ಅಷ್ಟಕ್ಕಷ್ಟೆ. ಅವಳಿಗೆ ಹೆಬ್ಬೆಟ್ಟು. ಬೇರೆ ಯಾರನ್ನಾದರೂ ಕರೆಯೋಣ ಎಂದು ಮೇಷ್ಟ್ರು ಹೇಳಿದರು. ಬೆರೆಸಿದವಳು ನಾನು, ನಾನೇ ಓದುತ್ತೇನೆ ಎಂದೆ. ಸಣ್ಣ ಚೀಟಿಯ ರಾಶಿ ಮುಂದಿಟ್ಟುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಹೇಳುತ್ತಿದ್ದೆ, ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ ಇಡು, ಬಿಡು ಎನ್ನುತ್ತಿದ್ದರು. ಒಂದು ಚೀಟಿಗೆ ಹತ್ತು ನಿಮಿಷ. ದಿನಕ್ಕೆ ಮೂವತ್ತು ಮುಗಿದರೆ ಹೆಚ್ಚು. ಹಳೆಯವರ ಕೈಬರಹ ಎಂದರೆ ಕೋಳಿ ಕೆದರಿದ ಹಾಗೆ. ನಡುನಡುವೆ ಎದ್ದು ಗೋಡೆಯಿಂದ ಗೋಡೆಗೆ ನಡೆದು ಬರುತ್ತಿದ್ದೆ. ಕೂತರೆ ಮಂಡಿ, ನಿಂತರೆ ಗಡುವು.

ಅವಳು ಕೂಲಿ ಬಿಟ್ಟು ದಿನ ಬಿಟ್ಟು ದಿನ ಬಸ್ಸಿಗೆ ಬರುತ್ತಿದ್ದಳು. ಹುಡಿ ಕಾಗದದ ಚೀಲವನ್ನು ಮೊರಕ್ಕೆ ಸುರಿದು ಅಕ್ಕಿಯಲ್ಲಿ ಕಲ್ಲು ಹೆಕ್ಕುವ ಹಾಗೆ ಹೆಕ್ಕುತ್ತಿದ್ದಳು. ನೀವು ಆರಿಸಿದ ಅಡಿಕೆ ತಗೊಂಡ ಸಾಹುಕಾರ ಬದುಕಿದ್ದಾನಾ ಎಂದು ಕೇಳುತ್ತಿದ್ದಳು. ನಾನು ತಪ್ಪು ಕೂಡಿಸಿ ಓದಿದರೆ ಮೇಷ್ಟ್ರಿಗಿಂತ ಮೊದಲು ಅವಳೇ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಬಾಗಿಲ ಕಡೆ ನೋಡುತ್ತಿದ್ದಳು. ಅದನ್ನು ನಾನು ನೋಡಬಾರದಿತ್ತು ಅನ್ನಿಸುತ್ತಿತ್ತು.

ಏಳು ದಿನ ಹೋಯಿತು. ಎಂಟನೆಯ ದಿನ ಅವಳು ಅಚ್ಚಾದ ಕಾಗದಗಳ ರಾಶಿಯ ಮುಂದೆ ನಿಂತು ಒಂದನ್ನು ಎಳೆದಳು. ಮದುವೆ ಕಾಗದ. ಮೂಲೆಗೆ ಬಳಿದ ಅರಿಶಿನ ಕಂದಾಗಿತ್ತು, ನಡುವೆ ಬಟ್ಟಲಿನಷ್ಟು ಎಣ್ಣೆ ಕಲೆ.

"ಇದು ನಂದು," ಅಂದಳು. "ನನ್ನ ಮದುವೆದು. ಆ ಕಲೆ ನನ್ನ ಅತ್ತೆ ಮಾಡಿದ್ದು. ಕಜ್ಜಾಯ ಕರಿವಾಗ."

ಮೇಷ್ಟ್ರು ಓದಿಸಿದರು. ಅವಳದೇ. ಅವಳು ಅದನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಇದರಲ್ಲಿ ಎಂತ ಪ್ರಯೋಜನ ಎಂದಳು. ಮದುವೆ ಆದದ್ದು ನಂಗೂ ಗೊತ್ತು, ಕಚೇರಿಯೋರಿಗೂ ಗೊತ್ತು.

ನಾನು ಅದನ್ನು ಕೈಗೆ ತೆಗೆದುಕೊಂಡೆ. ಓದಲಿಕ್ಕಲ್ಲ, ಓದಿ ಓದಿ ತಲೆ ಕೆಟ್ಟಿತ್ತು. ಕಿಟಕಿಯ ಕಡೆ ಹಿಡಿದಾಗ ಕಂಡದ್ದು ತೂತು. ಕೆಳಗಿನ ಎಡ ಮೂಲೆಯಿಂದ ಎರಡು ಬೆರಳು ಮೇಲೆ, ಸೌತೆಬೀಜದ ಆಕಾರ. ಹುಳ ಓರೆಯಾಗಿ ಕೊರೆದುಕೊಂಡು ಹೋಗಿತ್ತು. ಹುಳಕ್ಕೆ ಇದು ಭೂಮಿ, ಇದು ಮದುವೆ ಎಂದು ಉಂಟೇ? ಚೀಲದೊಳಗೆ ಒಂದರ ಮೇಲೊಂದು ಇದ್ದ ಕಾಗದಗಳನ್ನು ಒಂದೇ ದಾರಿಯಲ್ಲಿ ತಿಂದಿರಬೇಕು. ಹಾಗಾದರೆ ಇದರ ಮೇಲೆ ಕೆಳಗೆ ಇದ್ದದ್ದಕ್ಕೂ ಅಲ್ಲೇ ತೂತು ಇರಬೇಕು.

ಅಕ್ಷರ ಬಿಟ್ಟೆ. ಒಂದೊಂದೇ ಕಾಗದವನ್ನು ಬೆಳಕಿಗೆ ಹಿಡಿದು ತೂತು ನೋಡುತ್ತಾ ಹೋದೆ. ಅವಳಿಗೂ ತೋರಿಸಿಕೊಟ್ಟೆ. ಅದಕ್ಕೆ ಓದು ಬೇಡ. ಇಬ್ಬರೂ ಕಿಟಕಿಯ ಹತ್ತಿರ ನಿಂತು ನೋಡಿದೆವು. ಮಡಿಸಿದ್ದ ಕಾಗದದಲ್ಲಿ ತೂತು ಎರಡು, ಬಿಚ್ಚಿದರೆ ಎದುರುಬದುರು. ಅದು ಗೊತ್ತಾಗುವ ತನಕ ಎಷ್ಟೋ ಬಿಟ್ಟುಬಿಟ್ಟಿದ್ದೆವು, ಮತ್ತೆ ಮೊದಲಿಂದ ನೋಡಿದೆವು. ಮಾರನೆ ದಿನ ಮಧ್ಯಾಹ್ನದೊಳಗೆ ಹದಿನಾಲ್ಕು ಕಾಗದ ಸಿಕ್ಕಿತು. ಒಂದರ ಮೇಲೊಂದು ಇಟ್ಟರೆ ಕಡ್ಡಿ ತೂರಿಸಬಹುದು. ಅದರಲ್ಲಿ ಒಂದು ಚೀಟಿ, ಅಂಗೈಯಷ್ಟು. ಮುದ್ರೆ ಇತ್ತು, ಮಾವನ ಹೆಸರು ಇತ್ತು, ಜಾಗದ ನಂಬರು ಇತ್ತು. ಬಿಟ್ಟು ಬಂದ ಊರಿನ ಹೆಸರು ಇರಬೇಕಾದಲ್ಲಿ ಬರೀ ಬಯಲು, ಹುಳ ಅಗಲಕ್ಕೆ ತಿಂದು ಹಾಕಿತ್ತು. ಅದೇ ತೂತಿನ ಸಾಲಿನಲ್ಲಿ ಸಿಕ್ಕಿದ ಮನೆ ಕಂದಾಯದ ರಸೀದಿಯಲ್ಲಿ ಊರೂ ಇತ್ತು, ಹೆಸರೂ ಇತ್ತು.

ಮೇಷ್ಟ್ರು ಎರಡನ್ನೂ ಬೆರಳಿನಿಂದ ಸವರಿದರು. "ಈಗ ಮಾತಾಡ್ತವೆ," ಅಂದರು.

ಗಡುವಿನ ದಿನ ಅವಳ ಜೊತೆ ನಾನೂ ನರಸಿಂಹರಾಜಪುರಕ್ಕೆ ಹೋದೆ. ಮನೆಯಲ್ಲಿ ಕೂತು ಕಾಯುವುದು ನನ್ನಿಂದ ಆಗದು. ಬೆಂಚಿನ ಮೇಲೆ ಅವಳು ಕೂತಳು, ನಾನು ವರಾಂಡದ ಉದ್ದಕ್ಕೆ ತಿರುಗಿದೆ. ಅಧಿಕಾರಿ ಚಿಕ್ಕ ಪ್ರಾಯದವರು, ಗಟ್ಟಿ ದನಿ ಇಲ್ಲ. ಚೀಟಿ ನೋಡಿದರು, ರಸೀದಿ ನೋಡಿದರು. ಚೀಟಿಯಲ್ಲಿ ಊರಿಲ್ಲವಲ್ಲ, ಇವೆರಡೂ ಒಂದೇ ಮನೆಯದು ಅಂತ ಹೇಗೆ ಹೇಳುವುದು, ಆ ಹೆಸರಿನವರು ತಾಲ್ಲೂಕಿನಲ್ಲಿ ಹತ್ತು ಜನ ಇರಬಹುದು ಎಂದರು. ಅವರು ಕೇಳಿದ್ದು ತಪ್ಪಲ್ಲ. ನಾನು ಅವಳ ಕೈಯಿಂದ ಚೀಲ ಕಿತ್ತುಕೊಂಡು ಹದಿನಾಲ್ಕನ್ನೂ ಅವರ ಮೇಜಿನ ಮೇಲೆ ಜೋಡಿಸಿದೆ.

"ನೀವು ಯಾರಮ್ಮ?"

"ಇದನ್ನ ಬೆರೆಸಿ ಹಾಳು ಮಾಡಿದವಳು. ಎತ್ತಿ ಬೆಳಕಿಗೆ ಹಿಡೀರಿ ಸಾರ್."

ಹಿಡಿದರು. ತೂತಿನಾಚೆ ಕಿಟಕಿ ಕಂಡಿರಬೇಕು. ಒಂದೊಂದೇ ತೆಗೆದು ಮತ್ತೆ ಇಟ್ಟರು. ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಎಲ್ಲದಕ್ಕೂ ಜೆರಾಕ್ಸ್ ಮಾಡಿಸಿ ತರಲು ಹೇಳಿ ಫೈಲಿಗೆ ಸೇರಿಸಿಕೊಂಡರು. ಸ್ಥಳ ನೋಡಲು ಬರುತ್ತೇವೆ, ಈಗ ಹೋಗಿ ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಚೀಲಕ್ಕೆ ಕೈ ಚಾಚಿದೆ. ಪುಸ್ತಕಾಲಯಕ್ಕೆ ವಾಪಸು ತರಬೇಕು ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ಹಳದಿ ಪಟ್ಟಿಯ ಗೋಡೆಯಲ್ಲಿ ಮುಳುಗಿದ ಊರುಗಳಿಗೇ ಒಂದು ಹೊಸ ಡಬ್ಬ ಮಾಡಿಟ್ಟಿದ್ದರು. ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು.

"ಇಲ್ಲ ಅಕ್ಕ. ನಿಮ್ಮ ಕೈ ಸುಮ್ಮನೆ ಇರೂದಿಲ್ಲ."

ಕೊಪ್ಪಕ್ಕೆ ಬರಿಗೈಯಲ್ಲಿ ಬಂದೆ. ಮೇಷ್ಟ್ರಿಗೆ ಬೇಜಾರಾಯಿತು. ಆದರೂ ದೊಡ್ಡ ಪುಸ್ತಕ ತೆರೆಸಿ ನನ್ನಿಂದಲೇ ಬರೆಸಿದರು. ತಾಲ್ಲೂಕು, ಊರು, ಮನೆ. ಭೂಮಿಯ ಪುಟದಲ್ಲಿ ಒಂದು ಸಾಲು, ಮದುವೆಯ ಪುಟದಲ್ಲಿ ಒಂದು ಸಾಲು, ನೀರಿನ ಪುಟದಲ್ಲಿ ಒಂದು ಸಾಲು. ಎಲ್ಲಿದೆ ಎನ್ನುವ ಕಡೆ "ಮನೆಯವರ ಹತ್ತಿರ." ಎರಡು ಕಡೆಯಿಂದ ಹುಡುಕುವುದು ಎಂದರೆ ಏನು ಎಂದು ಆಗ ಗೊತ್ತಾಯಿತು. ಉಳಿದ ಕಟ್ಟುಗಳನ್ನು ತೂತು, ಕಲೆ, ಮಡಿಕೆ ನೋಡಿ ಮತ್ತೆ ಕೂಡಿಸಲು ಎರಡು ವರ್ಷ ಬೇಕಾಯಿತು. ಎಲ್ಲವೂ ಕೂಡಲಿಲ್ಲ.

ಆ ವರ್ಷ ಮಳೆ ಮುಗಿದ ಮೇಲೆ ಅವಳು ಪೇಟೆಗೆ ಬಂದವಳು ಬಾಗಿಲಲ್ಲೇ ನಿಂತು ಜಾಗ ತನ್ನ ಹೆಸರಿಗೆ ಆಯಿತು ಎಂದು ಹೇಳಿ ಹೋದಳು. ಒಳಗೆ ಬರಲಿಲ್ಲ. ಕಾಗದ ತರಲಿಲ್ಲ.

ಆಮೇಲೆ ನನಗೆ ಇನ್ನೊಂದು ಚಟ ಹತ್ತಿತು. ಯಾರಾದರೂ ಕಟ್ಟು ಹೊತ್ತು ತಂದರೆ ಇದರಲ್ಲಿ ಜಾಗದ ಕಾಗದ ಉಂಟಾ, ನೋಡಿ ತಂದಿರಾ ಎಂದು ಮೊದಲು ಕೇಳುತ್ತೇನೆ. ಕಿಗ್ಗದಿಂದ ಒಬ್ಬರು ಮುದುಕರು ಒಂದು ಗೋಣಿಚೀಲ ತಂದಿದ್ದರು. ಒಳಗೆ ಏನಿದೆ ಗೊತ್ತಿಲ್ಲ, ಅಪ್ಪನ ಕಾಲದ್ದು ಎಂದರು. ಮನೆಯಲ್ಲಿ ಓದುವವರ ಹತ್ತಿರ ಓದಿಸಿ ಆಮೇಲೆ ತನ್ನಿ ಎಂದು ಅದೇ ಚೀಲ ಹೊರಿಸಿ ವಾಪಸು ಕಳಿಸಿದೆ. ಮೇಷ್ಟ್ರು ಊಟ ಮುಗಿಸಿ ಬಂದವರು ಕೇಳಿ ಹಣೆ ಹಣೆ ಬಡಿದುಕೊಂಡರು. ಎಂಬತ್ತು ವರ್ಷದ ಕಾಗದ ಇರಬಹುದಿತ್ತು, ಇನ್ನು ಅವರು ಬರುವುದಿಲ್ಲ ಎಂದರು.

ಬಂದಿಲ್ಲ. ಶೃಂಗೇರಿ ಕಡೆಯ ಬಸ್ಸು ಬರುವ ಹೊತ್ತಿಗೆ ನಾನು ಬಾಗಿಲಿಗೆ ಹೋಗಿ ನೋಡುತ್ತೇನೆ. ಕಳಿಸಿದ್ದು ಸರಿಯೋ ತಪ್ಪೋ, ಇವತ್ತಿಗೂ ಗೊತ್ತಿಲ್ಲ.