ಕೇಳದೆ ಉಸಿರೆತ್ತದ ಪೆಟ್ಟಿಗೆ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ ಹಲ್ಲು ಕಡಿಯುತ್ತ ಕೂತು ಬರೆಯುತ್ತಿದ್ದೇನೆ. ಟಿವಿ ಚಾನೆಲ್‌ಗಳು ಬಳಸದೆ ಬಿಟ್ಟ ತರಂಗಗಳಲ್ಲಿ ಹಳ್ಳಿಗಳಿಗೆ ಇಂಟರ್‌ನೆಟ್ ಕಳಿಸುವ ಪೆಟ್ಟಿಗೆ ನಮ್ಮದು. ತರಂಗಕ್ಕೆ ಲೈಸೆನ್ಸ್ ಬೇಡವೆಂಬುದೇ ನಮ್ಮ ಬಡಾಯಿ. ಆದರೆ ತಾನಿರುವ ಜಾಗದಲ್ಲಿ ಯಾವ ಚಾನೆಲ್ ಖಾಲಿ ಎಂದು ಬೆಂಗಳೂರಿನ ನಮ್ಮ ಕಂಪ್ಯೂಟರನ್ನು ಇಂಟರ್‌ನೆಟ್‌ನಲ್ಲಿ ಕೇಳದೆ ಪೆಟ್ಟಿಗೆ ಉಸಿರೆತ್ತುವುದಿಲ್ಲ.

ಬೆಟ್ಟದ ನಡುವೆ ಖರ್ಜೂರದ ತೋಟವಿರುವ ಅರಬ್ ಗಿರಾಕಿ ಎದುರಿಗೆ ಕೂತಿದ್ದರು. ಇವರೊಬ್ಬರಿಗಾಗಿಯೇ ನಾನು ಹಾರಿ ಬಂದಿದ್ದೆ. ತಗಡಿನ ಗೋದಾಮಿನೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಗೋದಾಮಿನ ಮಾಲೀಕ, ಉಡುಪಿಯ ಪ್ರಭಾಕರಣ್ಣ, ಏಣಿ ಹತ್ತಿ ಮೇಲಿನ ಕಿಟಕಿಗೆ ಮೊಬೈಲ್ ಹಿಡಿದು ಪೆಟ್ಟಿಗೆಗೆ ಇಂಟರ್‌ನೆಟ್ ಕೊಟ್ಟರು. ಪೆಟ್ಟಿಗೆ ಕೇಳಿತು. ಕೆಂಪು ದೀಪ ಹತ್ತಿತು. ಬೆಂಗಳೂರಿನ ಕಂಪ್ಯೂಟರಿನಲ್ಲಿ ದುಬೈ ಬಗ್ಗೆ ಮಾಹಿತಿಯೇ ಇಲ್ಲವಂತೆ!

ಹೊರಗೆ ಓಡಿ ನಮ್ಮ ಇಂಜಿನಿಯರ್‌ಗೆ ಫೋನ್ ಮಾಡಿದೆ. “ಸರ್, ಅಲ್ಲಿ ಯಾರೂ ಆಂಟೆನಾ ಹಾಕಿ ಟಿವಿ ನೋಡಲ್ವಲ್ಲ. ಎಲ್ಲಾ ಖಾಲಿನೇ. ಅದಕ್ಕೇ ಏನೂ ತುಂಬಿಸ್ಲಿಲ್ಲ,” ಎಂದ.

ಒಳಗೆ ಬಂದು ಹೇಳಿದೆ.

“ಎಂತ ಮಾರಾಯ್ರೆ, ಖಾಲಿ ಉಂಟು ಅಂತ ಹೇಳ್ಲಿಕ್ಕೂ ಒಬ್ಬ ಬೇಕಾ? ನನ್ನ ಕೈ ನೋಯ್ತಾ ಉಂಟು!” ಎಂದರು ಪ್ರಭಾಕರಣ್ಣ, ಏಣಿಯ ಮೇಲಿನಿಂದ.

ಗಿರಾಕಿ ಪೆಟ್ಟಿಗೆಯನ್ನೊಮ್ಮೆ, ಏಣಿಯನ್ನೊಮ್ಮೆ ನೋಡಿ ಹಿಂದಿಯಲ್ಲಿ ಕೇಳಿದರು: “ಪೆಟ್ಟಿಗೆ ತಗೊಂಡ್ರೆ ಇವರನ್ನೂ ತೋಟಕ್ಕೆ ಕಳಿಸ್ತೀರಾ?”