ಹೆಂಗಸರ ದಿನದ ಪಾರ್ಕು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಒಮಾನಿನ ವಾದಿ ಕಬೀರಿನಲ್ಲಿ, ಗ್ಯಾರೇಜುಗಳ ಸಾಲಿನ ಹಿಂದೆ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದೆವು. ಗಂಡನಿಗೆ ಅಲ್ಲಿನ ವಾರದ ರಜಾದಿನವಾದ ಶುಕ್ರವಾರವೂ ಬಿಡುವಿಲ್ಲದ ಕೆಲಸ. ನಮಗೆ ಒಬ್ಬನೇ ಮಗ. ಮೈ ಬೆಳೆಯುತ್ತಿತ್ತು, ಬುದ್ಧಿ ಮಾತ್ರ ನಾಲ್ಕು ವರ್ಷದ ಮಗುವಿನದ್ದು. ಶಾಲೆಯವರು ಅವನನ್ನು ಸೇರಿಸಿಕೊಳ್ಳಲಿಲ್ಲ, ಬಿಲ್ಡಿಂಗಿನ ಮಕ್ಕಳು ಆಟಕ್ಕೂ ಸೇರಿಸಿಕೊಳ್ಳಲಿಲ್ಲ. ಅವನಿಗೆಂದು ಇದ್ದದ್ದು ಬುಧವಾರದ ಪಾರ್ಕು ಒಂದೇ.

ಬುಧವಾರ ಅಲ್ಲಿ ಹೆಂಗಸರಿಗೆ, ಚಿಕ್ಕ ಮಕ್ಕಳಿಗೆ ಮಾತ್ರ ಪ್ರವೇಶ. ಉಳಿದ ದಿನಗಳ ಜನಜಂಗುಳಿ ಕಂಡರೆ ಮಗ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಬುಧವಾರ ಮಾತ್ರ ತಣ್ಣಗೆ ಉಯ್ಯಾಲೆಯಲ್ಲಿ ಕೂತಿರುತ್ತಿದ್ದ. ಅಷ್ಟು ಹೊತ್ತು ನಾನೂ ಮನುಷ್ಯರ ಹಾಗೆ ಉಸಿರಾಡುತ್ತಿದ್ದೆ.

ಗೇಟಿನಲ್ಲಿದ್ದವನು ನಡುವಯಸ್ಸಿನ ಒಮಾನಿ ಪೊಲೀಸ್. ಪಾರ್ಕು, ಆಸ್ಪತ್ರೆ, ಸರ್ಕಾರಿ ಕಚೇರಿ ಎಂದು ಪೊಲೀಸರ ಕಾವಲಿನ ಜಾಗ ಬದಲಾಗುತ್ತಿತ್ತು. ಹಿಂದೆ ಅವನು ಆಸ್ಪತ್ರೆಯ ಬಾಗಿಲಲ್ಲಿದ್ದಾಗ, ಫಿಟ್ಸ್ ಬಂದ ನನ್ನ ಮಗನನ್ನು ಟ್ಯಾಕ್ಸಿಯಿಂದ ಎತ್ತಿಕೊಂಡು ಒಳಗೆ ಓಡಿದ್ದ. ಆ ಪರಿಚಯಕ್ಕೇ ಇರಬೇಕು, ಪಾರ್ಕಿನಲ್ಲಿ ಮಗನ ಎತ್ತರವನ್ನು ಕಂಡರೂ ಕಾಣದವನಂತೆ ಇದ್ದುಬಿಡುತ್ತಿದ್ದ.

ಆದರೆ ಹದಿನಾಲ್ಕು ತುಂಬುವಾಗ ಮಗನಿಗೆ ಮೀಸೆ ಚಿಗುರಿತು. ಪಾರ್ಕಿಗೆ ಬರುವ ಯಾರೋ ದೂರು ಕೊಟ್ಟರಂತೆ. ಇನ್ನು ಕರೆತರಬೇಡಿ ಎಂದು ಪೊಲೀಸ್ ತನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಮೀಸೆಯೇ ಇವರಿಗೆಲ್ಲ ತೊಂದರೆಯಾದರೆ ಅದನ್ನು ತೆಗೆದರಾಯಿತು ಎಂದುಕೊಂಡೆ. ಮುಂದಿನ ಬುಧವಾರ ಮಗನನ್ನು ಸ್ಟೂಲಿನ ಮೇಲೆ ಕೂರಿಸಿ ಗಂಡನ ರೇಜರ್ ಹಿಡಿದೆ. ಅವನು ಕಚಗುಳಿಯಾಗಿ ನಗುತ್ತ ಅಲುಗಾಡಿದ, ತುಟಿಯ ಮೇಲೆ ಗಾಯವಾಯಿತು. ಅದರ ಮೇಲೆ ಪೌಡರ್ ಬಳಿದು, ಚಡ್ಡಿ ಹಾಕಿಸಿ, ಕೈಹಿಡಿದು ಕರೆದೊಯ್ದೆ.

ಪೊಲೀಸ್ ಆ ಗಾಯವನ್ನೇ ನೋಡಿದ. ಅವನು ಬಯ್ದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಜಗಳದಲ್ಲಿ ನಾನು ಯಾರಿಗೂ ಬಗ್ಗುವವಳಲ್ಲ. ಆದರೆ ಅವನು ಕುರ್ಚಿಯಿಂದ ಎದ್ದು ನಿಂತು ಮೆಲ್ಲಗೆ ಹೇಳಿದ:

“ಬೆಹನ್, ನಿಮಗೆ ಇವನು ಮಗು, ನನಗೂ ಮಗು. ಒಳಗಿರುವವರಿಗೆ ದೊಡ್ಡ ಗಂಡಸು. ಪಾಪ, ಇನ್ನೊಮ್ಮೆ ಇವನ ಮುಖಕ್ಕೆ ಬ್ಲೇಡು ತಾಗಿಸಬೇಡಿ.”

ಆ ಹಿಂದಿಯಲ್ಲಿ ಮಗನಿಗೆ ‘ಬಡಾ’ ಎಂದರೆ ದೊಡ್ಡವನು ಎಂಬುದೊಂದು ಅರ್ಥವಾಗಿತ್ತು. ಅವನ ಮುಖ ಅರಳಿತು.

“ಅಮ್ಮ, ನಾನು ದೊಡ್ಡ ಆದದ್ದಾ?”

ಹೌದು ಎಂದೆ. ಅವನು ಪೊಲೀಸನ ಕೈಕುಲುಕಿ, ಎದೆ ಸೆಟೆಸಿಕೊಂಡು ಮನೆಯ ಕಡೆಗೆ ನನಗಿಂತ ಮುಂದೆ ನಡೆದ. ಇವನೂ ಎಲ್ಲರ ಮಕ್ಕಳ ಹಾಗೆ ದೊಡ್ಡವನಾಗಲಿ ಎಂದು ನಾನು ಹೊರದ ಹರಕೆಯಿರಲಿಲ್ಲ. ಆ ಮಾತನ್ನು ಮೊದಲ ಸಲ ಬೇರೆಯವರ ಬಾಯಲ್ಲಿ ಕೇಳಿದ್ದು ನಮಗೆ ಮುಚ್ಚಿದ ಆ ಗೇಟಿನ ಹೊರಗೆ. ರಸ್ತೆಯಲ್ಲೇ ಅತ್ತುಬಿಟ್ಟೆ.

ಮರುವಾರ ಬುಧವಾರ ಅವನು ಎಂದಿನಂತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಪಾರ್ಕು ಇಲ್ಲ ಮಗಾ ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ.

“ನಾನೀಗ ದೊಡ್ಡ ಅಲ್ವಾ, ಪೊಲೀಸ್ ಬಿಡ್ತಾರೆ,” ಎಂದ.